ಹದಿನಾಲ್ಕು ಬಾಗಿಲುಗಳ ಬಣ್ಣ

2017ರ ಮಾರ್ಚಿನಲ್ಲಿ ಡಾಕ್ಟರು ಚೆನ್ನಯರ ಕೈಯಿಂದ ಸ್ಪ್ರೇ ಗನ್ ಬಿಡಿಸಿದರು. ಆಗ ಅವರಿಗೆ ಐವತ್ತನಾಲ್ಕು ವರ್ಷ. ಮುಲ್ಕಿಯ ಒಂದು ಫರ್ನಿಚರ್ ಅಂಗಡಿಯ ಹಿಂದೆ, ತಗಡಿನ ಮಾಡಿನ ಕೆಳಗೆ ಪಾಲಿಶ್ ಕೆಲಸ ಕಲಿತವರು. ಅಲ್ಲಿಂದ ಬಹರೈನ್, ಬಹರೈನಿನಿಂದ ಕೆನಡಾ. ಇಲ್ಲಿ ಹತ್ತೊಂಬತ್ತು ವರ್ಷ ಒಂದೇ ಕಾರ್ಖಾನೆಯಲ್ಲಿ ಅಡುಗೆಮನೆಯ ಕಬೋರ್ಡುಗಳಿಗೆ ಬಣ್ಣ ಹೊಡೆದರು. ಅವರ ಪರೀಕ್ಷೆ ಒಂದೇ. ಬಣ್ಣ ಒಣಗಿದ ಬಾಗಿಲನ್ನು ಓರೆಯಾಗಿ ಹಿಡಿದರೆ ಮೇಲಿನ ಟ್ಯೂಬ್‌ಲೈಟು ಅದರಲ್ಲಿ ನೆಟ್ಟಗೆ ಒಂದು ಗೆರೆಯಾಗಿ ಕಾಣಬೇಕು. ಗೆರೆ ನಡುಗಿದರೆ ಬಾಗಿಲು ವಾಪಸ್ಸು ಉಜ್ಜುವ ಮೇಜಿಗೆ.

ಕೆಮ್ಮು ಶುರುವಾದದ್ದು 2015ರಲ್ಲಿ. ಬಣ್ಣ ಕಲ್ಲಿನಂತೆ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರ್ ಅವರ ಶ್ವಾಸಕ್ಕೆ ಹಿಡಿದಿತ್ತು. ಅದು ತನ್ನ ಕೆಲಸದಿಂದಲೇ ಬಂದದ್ದು ಎಂಬುದು ಅವರಿಗೆ ಮೊದಲೇ ಅಂದಾಜಿತ್ತು, ಯಾಕೆಂದರೆ ರಜೆಯ ದಿನ ಕೆಮ್ಮು ಇರುತ್ತಿರಲಿಲ್ಲ. ಆದರೂ ಹೆಂಡತಿಯ ಬಳಿ ಶೀತ ಎಂದರು. ಎರಡು ಚಳಿಗಾಲ ಶೀತ ಎಂದೇ ಹೇಳಿದರು. ಅವರ ಮನೆ ಟೊರೊಂಟೋ ಹತ್ತಿರದ ವಿಟ್ಬಿಯಲ್ಲಿ. ಹೆಂಡತಿ ಕೊರಪ್ಪೊಳು ಅಲ್ಲಿನ ಒಂದು ವೃದ್ಧಾಶ್ರಮದ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದರು. ಅಜ್ಜಿಯ ಹೆಸರು ಇಟ್ಟುಕೊಂಡವರು. ಕೆಲಸದಲ್ಲಿ ಅದನ್ನು ಹೇಳಲು ಬಾರದವರು 'ಕೋರಾ' ಮಾಡಿದ್ದರು. ಅವರು ಶಿಫ್ಟಿಗೆ ಹೊರಡುವ ಮೊದಲು ಶುಂಠಿ, ಕಾಳುಮೆಣಸು, ಕೊತ್ತಂಬರಿ ಕುದಿಸಿ ಕಷಾಯ ಮಾಡಿ ಥರ್ಮಾಸಿನಲ್ಲಿ ಹಾಕಿ ಕೊಡುತ್ತಿದ್ದರು. ಚೆನ್ನಯರು ಅದನ್ನು ಪೂರ್ತಿ ಕುಡಿದು, ತೊಳೆದ ಥರ್ಮಾಸು ವಾಪಸ್ಸು ತರುತ್ತಿದ್ದರು.

ಕೊನೆಗೊಂದು ದಿನ ಕಾರ್ಖಾನೆಯಲ್ಲೇ ಕುಸಿದರು. ಡಾಕ್ಟರು ಸರಳವಾಗಿ ಹೇಳಿದರು: ನಿಮ್ಮ ಮೈ ಈಗ ಇದನ್ನು ಗುರುತು ಹಿಡಿದುಬಿಟ್ಟಿದೆ. ಇನ್ನು ಗಾಳಿಯಲ್ಲಿ ಒಂದು ಚಿಟಿಕೆ ಇದ್ದರೂ ಶ್ವಾಸನಾಳ ಮುಚ್ಚಿಕೊಳ್ಳುತ್ತದೆ. ಆ ಬಣ್ಣದ ಹತ್ತಿರ ಜನ್ಮದಲ್ಲಿ ಹೋಗಬೇಡಿ.

ಅಷ್ಟು ಕೇಳಿ ಕೊರಪ್ಪೊಳು ಅಳಲಿಲ್ಲ. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನಿಂತು ಒಂದೇ ಮಾತು ಕೇಳಿದರು. ಅವರ ಮನೆಮಾತು ತುಳು. ಕೊರಪ್ಪೊಳು ನನಗೆ ಹೇಳಿದ್ದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಎರಡು ವರ್ಷ ಶೀತ ಅಂತ ಹೇಳಿದ್ರಲ್ಲ. ನನಗೆ ಹೇಳಿದ್ರೆ ಎಂತ ಆಗ್ತಿತ್ತು?"

"ನೀನು ಕೆಲಸ ಬಿಡ್ಲಿಕ್ಕೆ ಹೇಳ್ತಿದ್ದೆ," ಅಂದರು ಚೆನ್ನಯರು.

ಅದಾದ ಮೇಲೆ ಅವರಿಗೆ ನಾರ್ತ್ ಯಾರ್ಕಿನ ಒಂದು ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಪಾರ್ಸೆಲ್ ರೂಮಿನ ಕೆಲಸ ಸಿಕ್ಕಿತು. ವಿಟ್ಬಿಯಿಂದ ರೈಲು, ಆಮೇಲೆ ಸಬ್‌ವೇ. ಬಂದ ಪೆಟ್ಟಿಗೆಗಳನ್ನು ಮಹಡಿಯ ಪ್ರಕಾರ ಜೋಡಿಸುವುದು, ಜನ ಬಂದರೆ ಸಹಿ ಹಾಕಿಸಿ ಕೊಡುವುದು. ಕಷ್ಟದ ಕೆಲಸವಲ್ಲ. ಆದರೆ ಅಲ್ಲಿ ಅವರನ್ನು ಯಾರೂ ಏನೂ ಕೇಳುವವರಿರಲಿಲ್ಲ. ಕಾರ್ಖಾನೆಯಲ್ಲಿ ಹೊಸಬರೆಲ್ಲ, "ಚೆನ್, ಕ್ಯಾನ್ ಯು ಲುಕ್ ಅಟ್ ದಿಸ್?" ಎಂದು ಬಾಗಿಲು ಹಿಡಿದು ಬರುತ್ತಿದ್ದರು.

ಮರುವರ್ಷ, 2018ರ ಏಪ್ರಿಲ್‌ನಲ್ಲಿ ಕನ್ನಡ ಸಂಘದ ಯುಗಾದಿ ಊಟ ಇತ್ತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಚೆನ್ನಯರ ಹೆಗಲ ಮೇಲೆ ಅರೋರಾ ಎಂಬ ಊರಿನ ಉಮಾಶಂಕರ್ ಕೈಯಿಟ್ಟರು. ಮೈಸೂರಿನವರು, ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ಅವರ ಅಡುಗೆಮನೆಯ ಕಬೋರ್ಡುಗಳಿಗೆ ಏಳು ವರ್ಷದ ಹಿಂದೆ ಚೆನ್ನಯರೇ ಬಣ್ಣ ಮಾಡಿಕೊಟ್ಟಿದ್ದರು.

"ಚೆನ್ನಯ ಅವ್ರೇ, ನಮ್ಮನೆ ಕಿಚನ್ ಇವತ್ತಿಗೂ ಹೊಸದ್ರ ಹಾಗಿದೆ ನೋಡಿ," ಎಂದು ಸಾಲಿನಲ್ಲಿದ್ದ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದರು. "ಇಡೀ ಟೊರೊಂಟೋದಲ್ಲಿ ಇಂಥ ಕೈ ಇನ್ನೊಂದಿಲ್ಲ. ಈಗ ಇನ್ನೊಂದು ಕೆಲಸ ಇದೆ. ಬೇರೆ ಯಾರಿಗೂ ಕೊಡೋಕೆ ನನಗೆ ಮನಸ್ಸಿಲ್ಲ."

ಕೆಲಸ ಒಂದು ಹಳೆಯ ಕ್ಯಾಂಪರ್ ವ್ಯಾನಿನದು, ಒಳಗೇ ಅಡುಗೆ, ನಿದ್ದೆ ಎಲ್ಲ ಆಗುವಂಥ ಪ್ರವಾಸದ ಗಾಡಿ. ಅವರ ಹೆಂಡತಿ ಶ್ರೀವಿದ್ಯಾ ಅವರ ಕಣ್ಣು ನಡುವಿನಿಂದ ಮಂಜಾಗುತ್ತ ಬರುತ್ತಿತ್ತು. ಇನ್ನೊಂದೆರಡು ವರ್ಷ ಎಂದಿದ್ದರು ಕಣ್ಣಿನ ಡಾಕ್ಟರು. ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡಿನ ಕಡಲಿನಲ್ಲಿ ಬೆಟ್ಟದಷ್ಟು ದೊಡ್ಡ ಮಂಜುಗಡ್ಡೆಗಳು ತೇಲಿ ಬರುವುದನ್ನು ಕಣ್ಣಿರುವಾಗಲೇ ನೋಡಬೇಕು ಎಂಬುದು ಅವರ ಆಸೆ. ಅದಕ್ಕೇ ಉಮಾಶಂಕರ್ ಇಪ್ಪತ್ತನಾಲ್ಕು ವರ್ಷ ಹಳೆಯ ವ್ಯಾನ್ ಕೊಂಡಿದ್ದರು. ಜೂನ್ ಕೊನೆಗೆ ಹೊರಡಬೇಕು. ಆದರೆ ಒಳಗಿನ ಮರವೆಲ್ಲ ಕಡು ಕಂದು. ಶ್ರೀವಿದ್ಯಾ ಒಳಗೆ ಕಾಲಿಟ್ಟರೆ ಗುಹೆ ಹೊಕ್ಕಂತೆ ಆಗಿ, ಬಾಗಿಲ ಮೂಲೆಗೆ ಹಣೆ ಬಡಿಸಿಕೊಂಡಿದ್ದರು.

"ಎಲ್ಲಾ ಬೆಳ್ಳಗೆ ಮಾಡಿ, ಹಿಡಿಗಳನ್ನ ಕಪ್ಪು ಮಾಡಿದ್ರೆ ಅವಳಿಗೆ ಯಾವುದು ಎಲ್ಲಿದೆ ಅಂತ ಗೊತ್ತಾಗುತ್ತೆ. ಆಗುತ್ತಾ ನಿಮ್ಮ ಕೈಲಿ?"

ಸಂಘದಲ್ಲಿ ಯಾರಿಗೂ ಚೆನ್ನಯರ ಕಾಯಿಲೆ ಗೊತ್ತಿರಲಿಲ್ಲ. ಬೇರೆ ಕೆಲಸ ಹಿಡಿದರಂತೆ, ವಯಸ್ಸಾಯಿತಲ್ಲ, ಎಂದುಕೊಂಡಿದ್ದರು. ಚೆನ್ನಯರು ಒಂದು ಕ್ಷಣ ತಟ್ಟೆ ನೋಡಿದರು. "ಅದೆಂತ ದೊಡ್ಡ ಕೆಲಸ ಸರ್. ಕಳ್ಸಿಕೊಡಿ," ಅಂದರು.

ಮನೆಗೆ ಬರುವಾಗ ಕಾರಿನಲ್ಲಿ ಕೊರಪ್ಪೊಳು ಷರತ್ತು ಹಾಕಿದರು. "ನೀರಿನ ಪೇಂಟು ಮಾತ್ರ, ಹಾರ್ಡನರ್ ಬೇಡ. ಬ್ರಶ್ಶು ಮಾತ್ರ. ಗನ್ ಮುಟ್ಲಿಕ್ಕಿಲ್ಲ."

"ಆಯ್ತು ಮಾರಾಯ್ತಿ. ನೀರಿಂದೇ."

ವ್ಯಾನ್ ಏಪ್ರಿಲ್ ಮೂರನೇ ವಾರ ವಿಟ್ಬಿಗೆ ಬಂತು. ಚೆನ್ನಯರು ಮೊದಲ ದಿನ ಒಳಗೆ ಸುಮ್ಮನೆ ಕೂತು ನೋಡಿದರು. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ನೀರು ಕುಡಿದು ಮರದ ಎಳೆ ಕಪ್ಪಾಗಿತ್ತು. ಜನ ಹೆಬ್ಬೆರಳಿಟ್ಟು ತೆಗೆದ ಕಡೆಯಲ್ಲೆಲ್ಲ ವಾರ್ನಿಶ್ ಸವೆದು ಬೂದು ಬಣ್ಣದ ಅರ್ಧಚಂದ್ರಗಳು ಮೂಡಿದ್ದವು. ಹಳೆಯ ಎಣ್ಣೆಯ ಜಿಡ್ಡು, ನಾಯಿಯ ಕೂದಲು. ಕಬೋರ್ಡುಗಳದು ಒಟ್ಟು ಹದಿನಾಲ್ಕು ಬಾಗಿಲು. ಒಂದೊಂದನ್ನೂ ಬಿಚ್ಚಿ, ಹಿಂದೆ ಟೇಪು ಅಂಟಿಸಿ ನಂಬರು ಬರೆದು, ತಿರುಪುಗಳನ್ನು ಖಾಲಿ ಉಪ್ಪಿನಕಾಯಿ ಬಾಟಲಿಗಳಲ್ಲಿ ಹಾಕಿಟ್ಟರು. ಜಿಡ್ಡು ತೊಳೆದು, ನೀರಿನಲ್ಲಿ ಅದ್ದಿದ ಸ್ಯಾಂಡ್‌ಪೇಪರಿನಿಂದ ಧೂಳು ಏಳದ ಹಾಗೆ ಉಜ್ಜಿದರು. ಎರಡು ವಾರಾಂತ್ಯ ಹಿಡಿಯಿತು. ಆ ದಿನಗಳಲ್ಲಿ ಗಂಡ ಊಟದ ಹೊತ್ತಿಗೆ ಹಾಡು ಗುನುಗುತ್ತ ಒಳಗೆ ಬರುತ್ತಿದ್ದರೆಂದು ಕೊರಪ್ಪೊಳು ಆಮೇಲೆ ನನ್ನಲ್ಲಿ ಹೇಳಿದರು. ಹಾಗಾಗಿ ತಾನು ಹೆಚ್ಚು ಕೇಳಲಿಲ್ಲ ಎಂದೂ ಹೇಳಿದರು.

ಮೊದಲ ಬಾಗಿಲಿಗೆ ಮಾತು ಕೊಟ್ಟ ಹಾಗೆ ನೀರಿನ ಪೇಂಟನ್ನೇ ಬ್ರಶ್ಶಿನಲ್ಲಿ ಹಚ್ಚಿದರು. ಆ ವರ್ಷ ಮೇ ಬಂದರೂ ಚಳಿ ಬಿಟ್ಟಿರಲಿಲ್ಲ, ದಿನವೂ ತುಂತುರು. ಐದು ದಿನ ಕಳೆದು ಉಗುರೊತ್ತಿ ನೋಡಿದರೆ ಗುರುತು ಬಿತ್ತು. ಬಣ್ಣ ಒಣಗಿತ್ತು, ಗಟ್ಟಿಯಾಗಿರಲಿಲ್ಲ. ಅದನ್ನು ಚೌಕಟ್ಟಿಗೆ ಹಾಕಿ ಮುಚ್ಚಿದರೆ ಅಂಟಿಕೊಂಡು, ತೆಗೆಯುವಾಗ ಚರ್ರನೆ ಸದ್ದಾಯಿತು. ಮೂರು ಸಾವಿರ ಕಿಲೋಮೀಟರು ಅಲ್ಲಾಡುತ್ತ ಹೋಗುವ ಗಾಡಿ. ಈ ಬಣ್ಣ ಮಾಂಟ್ರಿಯಲ್ ದಾಟುವ ಮೊದಲೇ ಕಿತ್ತು ಬರುತ್ತದೆ ಎಂದು ಅವರಿಗೆ ಅನ್ನಿಸಿತು.

ಉಮಾಶಂಕರರಿಗೆ ಫೋನು ಮಾಡಿ, ಇನ್ನು ನಾಲ್ಕು ವಾರ ಕೊಡಿ ಎನ್ನಬಹುದಿತ್ತು. ಮಾಡಲಿಲ್ಲ. ಆಶಾವಾದ ಮತ್ತು ಹಟ ಎರಡೂ ಕೂಡಿದಾಗ ಮನುಷ್ಯ ಹೇಗೆ ಲೆಕ್ಕ ಹಾಕುತ್ತಾನೋ ಹಾಗೆ ಲೆಕ್ಕ ಹಾಕಿದರು: ಒಳ್ಳೆಯ ಮಾಸ್ಕ್ ಇದೆ, ಅದಕ್ಕೆ ಹೊಸ ಫಿಲ್ಟರು ಹಾಕಿದರಾಯಿತು, ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ, ಇಲ್ಲಿ ಹೆಚ್ಚೆಂದರೆ ಅರ್ಧ ಗಂಟೆ. ಪಕ್ಕದ ಊರಿನ ಬಣ್ಣದ ಅಂಗಡಿಗೆ ಹೋಗಿ ಪೇಂಟು, ಹಾರ್ಡನರ್ ತಂದು ಗ್ಯಾರೇಜಿನಲ್ಲಿ ಚಳಿಗಾಲದ ಟಯರುಗಳ ಹಿಂದೆ ಇಟ್ಟರು.

ಕೊರಪ್ಪೊಳು ಶಿಫ್ಟಿಗೆ ಹೋಗಿದ್ದ ಒಂದು ಬೆಳಿಗ್ಗೆ ತಾನು ರಜೆ ಹಾಕಿ, ಗ್ಯಾರೇಜಿನ ಶಟರು ಪೂರ್ತಿ ಎತ್ತಿ, ಹಳೆಯ ಗನ್ನಿನಿಂದ ಆರು ಬಾಗಿಲಿಗೆ ಹೊಡೆದರು. ಮಾಸ್ಕ್ ಬಿಗಿಯಾಗಿತ್ತು. ಮುಗಿಸಿ, ಹೊರಗೆ ಕುರ್ಚಿ ಹಾಕಿ ಎರಡು ಗಂಟೆ ತಮ್ಮ ಉಸಿರನ್ನೇ ಕಾಯುತ್ತ ಕೂತರು. ಏನೂ ಆಗಲಿಲ್ಲ. ಬಾಗಿಲುಗಳು ಹೊಸ ಹಾಲಿನ ಹಾಗೆ ಹೊಳೆಯುತ್ತಿದ್ದವು.

ಅದು ಅವರಿಗೆ ಧೈರ್ಯ ಕೊಟ್ಟಿತು. ಮರುದಿನ, ಮೇ ಹನ್ನೊಂದು, ಶುಕ್ರವಾರ, ವ್ಯಾನಿನೊಳಗೆ ಗೋಡೆಗೆ ಕೂಡಿಸಿದ್ದ ಚೌಕಟ್ಟುಗಳಿಗೆ ಹೊಡೆಯಲು ಹೋದರು. ಅವನ್ನು ಬಿಚ್ಚಿ ಹೊರಗೆ ತರುವ ಹಾಗಿರಲಿಲ್ಲ. ಧೂಳು ಬರಬಾರದೆಂದು ಸರಿಸುವ ಬಾಗಿಲಿನ ಸಂದಿಗೆ ಒಳಗಿನಿಂದ ಟೇಪು ಹೊಡೆದರು. ಡ್ರೈವರ್ ಸೀಟಿನ ಹಿಂದೆ ಪ್ಲಾಸ್ಟಿಕ್ ಪರದೆ ಕಟ್ಟಿದರು. ಚಳಿಗೆ ಬಣ್ಣ ಕೂರುವುದಿಲ್ಲವೆಂದು ಹೀಟರು ಹಚ್ಚಿದರು. ಇನ್ಹೇಲರ್ ಜಾಕೆಟ್ಟಿನ ಜೇಬಿನಲ್ಲಿತ್ತು, ಜಾಕೆಟ್ಟು ಗ್ಯಾರೇಜಿನಲ್ಲಿತ್ತು.

ಒಂದು ಬದಿ ಮುಗಿಯಿತು. ಗೆರೆ ನೆಟ್ಟಗಿದೆಯಾ ಎಂದು ನೋಡಲು ಟಾರ್ಚು ಓರೆ ಹಿಡಿದರು. ಬಿಸಿಗೆ ಕನ್ನಡಕ ಮಂಜಾಗಿತ್ತು. ಒರೆಸಲು ಮಾಸ್ಕ್ ಹಣೆಗೇರಿಸಿದರು. ಎರಡು ಉಸಿರು ಎಳೆಯುವಷ್ಟು ಹೊತ್ತು, ಅಷ್ಟೆ.

ಮೊದಲು ಗಂಟಲು ಕೆರೆಯಿತು. ಆಮೇಲೆ ಎದೆಯ ಸುತ್ತ ಯಾರೋ ಹಗ್ಗ ಸುತ್ತಿ ಎಳೆದ ಹಾಗಾಯಿತು. ಒಳಗೆ ಹೋದ ಗಾಳಿ ಹೊರಗೆ ಬರುತ್ತಿರಲಿಲ್ಲ. ಸರಿಸುವ ಬಾಗಿಲಿಗೆ ಕೈ ಹಾಕಿದರು. ಅವರೇ ಮೂರು ಸುತ್ತು ಹಾಕಿದ ಟೇಪು, ಬೆರಳಿಗೆ ತುದಿ ಸಿಗಲಿಲ್ಲ. ಪರದೆಯನ್ನು ಮೈಭಾರದಿಂದ ಹರಿದು ಡ್ರೈವರ್ ಸೀಟಿನ ಮೇಲೆ ಬಿದ್ದರು. ಬಾಗಿಲ ಹಿಡಿ ತಿರುಗಿಸಲು ಶಕ್ತಿ ಇರಲಿಲ್ಲ. ಎದೆಯನ್ನೇ ಹಾರ್ನಿನ ಮೇಲೆ ಹಾಕಿದರು.

ಎದುರು ಮನೆಯ ಪಂಜಾಬಿ ಅಜ್ಜಿ ಮೊಮ್ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದರು. ಹಾರ್ನು ನಿಲ್ಲದಿರುವುದು ಕೇಳಿ ಬಂದು ಬಾಗಿಲು ತೆಗೆದರು. "ಕ್ಯಾ ಹುವಾ, ಬೇಟಾ?" ಎಂದರು. ಚೆನ್ನಯರ ತುಟಿ ನೀಲಿಯಾಗಿತ್ತು. ಅಜ್ಜಿಗೆ ಇಂಗ್ಲಿಷ್ ಬರದು, ಕೈಯಲ್ಲಿ ಫೋನಿಲ್ಲ. ರಸ್ತೆಯ ನಡುವೆ ಹೋಗಿ ಎರಡೂ ಕೈ ಎತ್ತಿ ನಿಂತು, ಬರುತ್ತಿದ್ದ ಕೊರಿಯರ್ ಗಾಡಿಯನ್ನು ನಿಲ್ಲಿಸಿದರು. ಆ ಡ್ರೈವರು ಆಂಬುಲೆನ್ಸಿಗೆ ಫೋನು ಮಾಡಿದ.

ಮೂರು ದಿನ ಮೆಷಿನು ಅವರ ಪರವಾಗಿ ಉಸಿರಾಡಿತು. ಕೊರಪ್ಪೊಳು ಲಾಂಡ್ರಿಯ ನೀಲಿ ಅಂಗಿಯಲ್ಲೇ ಆಸ್ಪತ್ರೆಗೆ ಬಂದಿದ್ದರು, ಮರುದಿನದವರೆಗೂ ಅದೇ ಅಂಗಿಯಲ್ಲಿದ್ದರು. ಒಟ್ಟಾವಾದಲ್ಲಿ ಓದುತ್ತಿದ್ದ ಮಗಳು ಶ್ರೇಯಾ ರೈಲು ಹತ್ತಿ ಬಂದಳು. ಗಂಟಲಿನ ಕೊಳವೆ ತೆಗೆದ ಮೇಲೆ ಚೆನ್ನಯರು ಕಣ್ಣು ತೆರೆದು ಮಗಳನ್ನು ನೋಡಿ ನಗಲು ಪ್ರಯತ್ನಿಸಿದರು.

"ಯು ಲೈಡ್ ಟು ಹರ್ ಅಗೇನ್, ಪಪ್ಪಾ," ಅಂದಳು ಶ್ರೇಯಾ.

ಕೊರಪ್ಪೊಳು ಕಿಟಕಿಯ ಕಡೆಗೆ ಮುಖ ಮಾಡಿ ನಿಂತಿದ್ದರು. ಮನೆಯಲ್ಲಿ ಟಯರುಗಳ ಹಿಂದಿನ ಡಬ್ಬಿ ಅವರಿಗೆ ಆಗಲೇ ಸಿಕ್ಕಿತ್ತು. ಗಂಡ ಮನೆಗೆ ಬಂದ ಮೇಲೂ ಅದರ ಬಗ್ಗೆ ಮಾತಾಡಲಿಲ್ಲ. ಗಂಜಿ ಕೊಟ್ಟರು, ಮಾತ್ರೆ ಕೊಟ್ಟರು, ಹೊತ್ತು ಹೊತ್ತಿಗೆ ಇನ್ಹೇಲರ್ ಕೈಗಿಟ್ಟರು. ಜಗಳವಾಡಿದ್ದರೆ ಚೆನ್ನಯರಿಗೆ ಎಷ್ಟೋ ಹಗುರವಾಗುತ್ತಿತ್ತು.

ಉಮಾಶಂಕರ್ ವ್ಯಾನನ್ನು ಅರೋರಾಕ್ಕೆ ಒಯ್ದು ಕಿಟಕಿಗಳೆಲ್ಲ ತೆಗೆದು ಗಾಳಿಗೆ ಬಿಟ್ಟರು. ಮೇ ಕೊನೆಯ ಭಾನುವಾರ ದಂಪತಿ ಇಬ್ಬರೂ ವಿಟ್ಬಿಗೆ ಬಂದರು. ಉಮಾಶಂಕರ್ ಸೋಫಾದ ತುದಿಯಲ್ಲಿ ಕೂತಿದ್ದರು.

"ಒಂದೇ ಒಂದು ಮಾತು ಹೇಳಿದ್ರೆ ನಾನು ಕೇಳ್ತಾನೇ ಇರಲಿಲ್ಲ, ಚೆನ್ನಯ ಅವ್ರೇ. ನನ್ನಿಂದ ಇದಾಯ್ತಲ್ಲ ಅಂತ..."

"ನಿಮ್ಮಿಂದ ಎಂತ ಇಲ್ಲ ಸರ್. ನಾನೇ ಒಪ್ಪಿದ್ದು."

"ಉಳಿದದ್ದನ್ನ ಹಾಗೇ ಬಿಡೋಣ. ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ಕರೆಸ್ತೀನಿ."

ಚೆನ್ನಯರು ನೆಟ್ಟಗೆ ಕೂತರು. "ಬೇರೆಯವ್ರು ಬೇಡ ಸರ್. ಒಂದೆರಡು ವಾರ ಬಿಟ್ಟು ನಾನೇ, ಬ್ರಶ್ಶಲ್ಲಿ..."

ಆಗ ಕೊರಪ್ಪೊಳು ಅಡುಗೆಮನೆಯಿಂದ ಹೊರಗೆ ಬಂದರು. ಗಂಡನನ್ನು ನೋಡದೆ ಶ್ರೀವಿದ್ಯಾ ಅವರಿಗೆ ಹೇಳಿದರು:

"ನಾನು ಮುಗಿಸಿ ಕೊಡ್ತೇನೆ ಮೇಡಂ. ಅದು ಅರ್ಧ ಬಾಕಿ ಉಂಟು ಅಂತ ಇವರ ತಲೆಯಲ್ಲಿ ಇದ್ದರೆ, ಇವರು ಕದ್ದು ಹೋಗಿ ಮಾಡ್ತಾರೆ. ನನಗೆ ಗೊತ್ತುಂಟು."

ಕೊರಪ್ಪೊಳು ಅಷ್ಟರವರೆಗೆ ಬ್ರಶ್ಶು ಹಿಡಿದವರೇ ಅಲ್ಲ.

ಜೂನ್ ಎರಡರಂದು ಬಿಸಿಲು ಚೆನ್ನಾಗಿತ್ತು. ಉಳಿದ ಬಾಗಿಲುಗಳನ್ನು ಕಾರಿನಲ್ಲಿ ಹಾಕಿಕೊಳ್ಳುವಾಗ ಚೆನ್ನಯರು ಮೊದಲು ಮಾಡಿದ್ದ ಆ ಒಂದು ಬಾಗಿಲನ್ನು, ನೀರಿನ ಪೇಂಟಿನದನ್ನು, ಎತ್ತಿ ಹೆಬ್ಬೆರಳಿನ ಉಗುರೊತ್ತಿದರು. ಇನ್ನೂ ಜೋರಾಗಿ ಒತ್ತಿದರು. ಗುರುತು ಬೀಳಲಿಲ್ಲ. ಕಾಯ್ದದ್ದೇ ಸಾಕಾಗಿತ್ತು, ತಾನಾಗಿಯೇ ಗಟ್ಟಿಯಾಗಿತ್ತು. ಆಮೇಲೆ ಅದನ್ನು ಕಾರಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು. ಕೊರಪ್ಪೊಳು ನೋಡುತ್ತಿದ್ದರು. ಅವರಿಗೆ ಅರ್ಥವಾಗಿತ್ತು.

ಅರೋರಾದಲ್ಲಿ ಗ್ಯಾರೇಜಿನ ಮುಂದೆ ಬೆಂಚುಗಳ ಮೇಲೆ ಬಾಗಿಲುಗಳನ್ನು ಹರಡಿದರು. ಚೆನ್ನಯರಿಗೆ ರಸ್ತೆ ಬದಿಯ ಮೇಪಲ್ ಮರದ ಕೆಳಗೆ, ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುವಂತೆ, ಕುರ್ಚಿ ಹಾಕಲಾಯಿತು. ಅಲ್ಲಿಂದ ಏಳಕೂಡದು.

"ಬ್ರಶ್ಶು ಅಷ್ಟು ಮುಳುಗಿಸ್ಬೇಡ. ತುದಿ ಮಾತ್ರ," ಎಂದು ಅಲ್ಲಿಂದಲೇ ಕೂಗಿದರು.

ಕೊರಪ್ಪೊಳು ತುದಿ ಮಾತ್ರ ಅದ್ದಿದರು.

"ಒಮ್ಮೆ ಎಳೆದ ಮೇಲೆ ಬಿಡು. ಮತ್ತೆ ಮತ್ತೆ ಹೋಗ್ಬೇಡ. ಅದು ಅಷ್ಟಕ್ಕೇ ಕೂರ್ತದೆ."

ಕೊರಪ್ಪೊಳು ಮತ್ತೆ ಎಳೆದರು.

"ಮೂಲೇಲಿ ಇಳೀತಾ ಉಂಟು."

"ಇಳೀಲಿ," ಅಂದರು ಕೊರಪ್ಪೊಳು. ಸ್ವಲ್ಪ ಹೊತ್ತಾದ ಮೇಲೆ, ತಲೆ ಎತ್ತದೆ: "ಬಾಯಿ ಮುಚ್ಚಿ ಕೂತ್ಕೊಳ್ಳಿ. ನಿಮಗೆ ಮಾತಾಡ್ಲಿಕ್ಕೆ ಉಸಿರಿಲ್ಲ."

ದೂರದಿಂದಲೇ ಬ್ರಶ್ಶಿನ ಗೆರೆಗಳು ಚೆನ್ನಯರಿಗೆ ಕಾಣುತ್ತಿದ್ದವು. ಕೈ ತೊಡೆಯ ಮೇಲೆ ತಾನಾಗಿಯೇ ಆಡುತ್ತಿತ್ತು. ಒಂದು ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡರು.

ಶ್ರೀವಿದ್ಯಾ ಮಜ್ಜಿಗೆ ತಂದು ಕೊರಪ್ಪೊಳು ಅವರ ಪಕ್ಕದಲ್ಲಿ ಕೂತರು. ಕೆಲಸ ನಡೆಯುತ್ತಿರುವಾಗಲೇ ಕೊರಪ್ಪೊಳು ಮೊದಲ ಸಲ ಬಾಯಿಬಿಟ್ಟದ್ದು ಅಲ್ಲಿ, ಹೆಚ್ಚು ಪರಿಚಯವಿಲ್ಲದ ಆ ಹೆಂಗಸಿನ ಮುಂದೆ.

"ಎರಡು ವರ್ಷ ಕಷಾಯ ಮಾಡಿದ್ದೇನೆ ಮೇಡಂ. ದಿನಾ ಬೆಳಿಗ್ಗೆ ನಾಲ್ಕೂವರೆಗೆ ಎದ್ದು. ಇವರಿಗೆ ಗೊತ್ತಿತ್ತು ಅದು ಕಷಾಯದಲ್ಲಿ ಹೋಗುವ ಕೆಮ್ಮಲ್ಲ ಅಂತ. ಆದ್ರೂ ಕುಡೀತಿದ್ರು, ಒಳ್ಳೇದಾಯ್ತು ಅಂತಿದ್ರು. ನಾನು ಖುಷಿಯಲ್ಲಿ ಇನ್ನೊಂದು ಚೂರು ಶುಂಠಿ ಹಾಕ್ತಿದ್ದೆ. ನನ್ನನ್ನು ಎಂತ ಮಾಡಿದ ಹಾಗಾಯ್ತು ಹೇಳಿ."

"ನಾನೂ ಕಣ್ಣಿನ ವಿಷಯ ಇವರಿಗೆ ಎಂಟು ತಿಂಗಳು ಹೇಳಿರಲಿಲ್ಲ," ಅಂದರು ಶ್ರೀವಿದ್ಯಾ. "ಸಾರಿಗೆ ಎರಡು ಸಲ ಉಪ್ಪು ಹಾಕಿ ಸಿಕ್ಕಿಹಾಕಿಕೊಂಡೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆಮೇಲೆ ನಿಜ ಆಗಿಬಿಡುತ್ತಲ್ಲ."

ಕೊರಪ್ಪೊಳು ಬ್ರಶ್ಶನ್ನು ಡಬ್ಬಿಯ ಅಂಚಿಗೆ ಒರೆಸಿದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಮುಂದಿನ ಬಾಗಿಲಿಗೆ ಹೋದರು.

ಆ ದಿನ ಮತ್ತು ಮರುದಿನ ಸೇರಿ ಏಳು ಬಾಗಿಲು, ಉಳಿದ ಚೌಕಟ್ಟು ಎಲ್ಲ ಮುಗಿಯಿತು. ಮೂರು ವಾರ ಬಿಸಿಲಿನಲ್ಲಿ ಬಿಟ್ಟು, ಉಮಾಶಂಕರರೇ ನಂಬರು ನೋಡಿ ಬಾಗಿಲುಗಳನ್ನು ಕೂಡಿಸಿ ಕಪ್ಪು ಹಿಡಿ ಹಾಕಿದರು. ಹೊರಡುವ ಹಿಂದಿನ ದಿನ ಚೆನ್ನಯ ದಂಪತಿಯನ್ನು ಕರೆದರು. ಚೆನ್ನಯರು ಒಳಗೆ ಹೋಗಲಿಲ್ಲ, ತೆರೆದ ಬಾಗಿಲಿನ ಹೊರಗೆ ನಿಂತು ನೋಡಿದರು. ಗನ್ನಿನಿಂದ ಹೊಡೆದ ಆರು ಬಾಗಿಲು ಒಂದು ಥರ, ಉಳಿದ ಎಂಟು ಇನ್ನೊಂದು ಥರ. ಹೊಳಪು ಬೇರೆ, ಬಿಳುಪು ಕೂಡ ಚೂರು ಬೇರೆ. ಅವರ ಜೀವಮಾನದಲ್ಲಿ ಇಂಥ ಕೆಲಸ ಅವರ ಕೈಯಿಂದ ಹೊರಗೆ ಹೋಗಿರಲಿಲ್ಲ.

ಶ್ರೀವಿದ್ಯಾ ಒಳಗೆ ನಿಂತು ಅಂಗೈಯನ್ನು ಒಂದೊಂದೇ ಬಾಗಿಲಿನ ಮೇಲೆ ಸವರಿಕೊಂಡು ಹೋದರು.

"ಇದು ನಿಮ್ಮದು, ಇದು ಕೊರಪ್ಪೊಳು ಅವರದ್ದು," ಅಂದರು. "ನುಣ್ಣಗಿರೋದ್ರಲ್ಲಿ ಪಾತ್ರೆ, ಗೆರೆ ಇರೋದ್ರಲ್ಲಿ ಬಟ್ಟೆ ಇಡ್ತೀನಿ. ಕೈಗೇ ಗೊತ್ತಾಗುತ್ತೆ."

"ಚಳಿಗಾಲ ಕಳೀಲಿ ಮೇಡಂ, ಅದನ್ನ ಉಜ್ಜಿ ಒಂದೇ ಥರ..." ಎಂದು ಚೆನ್ನಯರು ಶುರು ಮಾಡಿದರು. ಕೊರಪ್ಪೊಳು ತಿರುಗಿ ನೋಡಿದರು.

ಜುಲೈಯಲ್ಲಿ ಫೋನಿಗೆ ಒಂದು ಫೋಟೋ ಬಂತು: ಬೂದು ಕಡಲು, ದೂರದಲ್ಲಿ ನೀಲಿ ಬಿಳಿಯ ಗುಡ್ಡ, ಅದಕ್ಕೆ ಮುಖ ಮಾಡಿ ಕುರ್ಚಿಯಲ್ಲಿ ಕೂತ ಶ್ರೀವಿದ್ಯಾ ಅವರ ಬೆನ್ನು. ಅವರಿಗೆ ಎಷ್ಟು ಕಂಡಿತೋ ಬರೆದಿರಲಿಲ್ಲ. ಬಣ್ಣ ಎಲ್ಲೂ ಎದ್ದಿಲ್ಲ ಎಂದು ಉಮಾಶಂಕರ್ ಬರೆದಿದ್ದರು.

ಚೆನ್ನಯರ ಶ್ವಾಸಕೋಶ ಮೊದಲಿನಷ್ಟು ಮರಳಲಿಲ್ಲ. ಪಾರ್ಸೆಲ್ ರೂಮಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಮಾತ್ರ ಕೂರುವ ಹಾಗಾಯಿತು. ಯಾರಾದರೂ ಅತ್ತರು ಹಾಕಿಕೊಂಡು ಬಂದರೆ, ನೆಲ ಒರೆಸುವ ಔಷಧಿ ಘಾಟಾಗಿದ್ದರೆ, ಎದ್ದು ಹೊರಗೆ ಹೋಗಬೇಕು. ಮನೆಗೆ ಬಂದ ಕೂಡಲೇ ಕೊರಪ್ಪೊಳು ಅವರ ಜಾಕೆಟ್ಟು ಇಸಿದುಕೊಂಡು, ಬಣ್ಣದ ವಾಸನೆ ಇದೆಯೋ ಎಂದು ಮೂಗಿಗೆ ಹಿಡಿಯುತ್ತಿದ್ದರು, ಆಮೇಲೆ ಅಂಗಿಯ ತೋಳು. ದಿನವೂ. ಚೆನ್ನಯರು ಶಾಲೆಯ ಹುಡುಗನಂತೆ ಕೈ ಚಾಚಿ ನಿಲ್ಲುತ್ತಿದ್ದರು.

2019ರ ಅಕ್ಟೋಬರಿನಲ್ಲಿ ಒಂದು ಸಂಜೆ ಅವರು ಬೂಟು ಕಳಚುತ್ತ ಹೇಳಿದರು:

"ಇವತ್ತು ಹನ್ನೊಂದನೇ ಮಹಡಿಯವ್ರು ಒಂದು ಹಳೇ ಮೇಜು ಪಾಲಿಶ್ ಮಾಡಿ ಕೊಡ್ತೀರಾ ಅಂತ ಕೇಳಿದ್ರು. ನನ್ನ ಹಳೇ ಕೆಲಸ ಯಾರೋ ಹೇಳಿದ್ದಾರೆ. ಆಗುವುದಿಲ್ಲ ಅಂದೆ. ನನಗೆ ದಮ್ಮು ಉಂಟು, ಆ ಕೆಲಸ ಬಿಟ್ಟಾಯ್ತು ಅಂತ ಹೇಳಿದೆ."

"ದಮ್ಮು ಅಂತ ಹೇಳಿದ್ರಾ?"

"ಹೇಳಿದೆ."

"ನಿಜವಾ?"

"ನಿಜ ಮಾರಾಯ್ತಿ."

ಕೊರಪ್ಪೊಳು ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈಯಿಂದ ಜಾಕೆಟ್ಟು ತೆಗೆದುಕೊಂಡು, ಮೂಸಿ, ಗೂಟಕ್ಕೆ ಹಾಕಿದರು.